ಕರಿಯಲ್ಲ, ನೀಲಿ

ಜನವರಿ 6

ಗಾಡಿ ಕೊನೆಗೂ ಮನೆಗೆ ಬಂತು. ಬಾಡಿ ಕಟ್ಟುವವರು ಹೇಳಿದ ದಿನಕ್ಕೆ ಕೊಡಲಿಲ್ಲ. ಅದನ್ನು ಇಲ್ಲಿ ಬರೆದು ಪ್ರಯೋಜನವಿಲ್ಲ, ಅವರ ಎದುರಿಗೇ ಬೇಕಾದಷ್ಟು ಅಂದು ಬಂದಿದ್ದೇನೆ. ಹಳೆಯ ಟೆಂಪೋ ಟ್ರಾವೆಲರ್, ಹಿಂದೆ ಯಾವುದೋ ಶಾಲೆಯ ಮಕ್ಕಳನ್ನು ಹೊರುತ್ತಿತ್ತು. ಈಗ ಒಳಗೆ ಒಂದು ಮಂಚ, ಒಲೆಗೆ ಕಟ್ಟೆ, ನೀರಿನ ಟಾಕಿ, ಬಾಗಿಲ ಹತ್ತಿರ ಇಬ್ಬರು ಕೂರುವ ಉದ್ದ ಸೀಟು. ತಲೆಯ ಮೇಲೆ ಸೋಲಾರ್ ಹಲಗೆ, ಮಂಚದ ಕೆಳಗೆ ಬ್ಯಾಟರಿ. ಓಣಿಯವರು ಇದಕ್ಕೆ ಮನಿಗಾಡಿ ಎಂದು ಹೆಸರಿಟ್ಟೂ ಆಯಿತು.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿಗೇನು ಕಡಿಮೆಯಿಲ್ಲ. ಪಂಢರಪುರ, ಮಂತ್ರಾಲಯ, ಗೋಕರ್ಣ, ಪಣಜಿ ಎಂದು ಊರಿನ ಮಂದಿಯನ್ನೆಲ್ಲ ಸರಕಾರಿ ಬಸ್ಸಿನ ಡ್ರೈವರಾಗಿ ಹೊತ್ತು ತಿರುಗಿದವನು ನಾನು. ನನ್ನ ಹೆಂಡತಿ ಯಲ್ಲವ್ವ ಮಾತ್ರ ಬಾಗಿಲಲ್ಲಿ ನಿಂತು ಬುತ್ತಿ ಕೊಟ್ಟವಳು. ಇಂದಿಗೂ ಸಮುದ್ರ ನೋಡಿಲ್ಲ. ಈಗ ನಾನೇ ಗಾಡಿ ಓಡಿಸಿ ಅವಳಿಗೆ ಸಮುದ್ರ ತೋರಿಸುತ್ತೇನೆ. ಇದರಲ್ಲಿ ಕೇಳುವುದೇನಿದೆ?

ಉಳಿದದ್ದು ವಾಯರಿಂಗ್ ಒಂದೇ. ಅದನ್ನೂ ನಾನೇ ಮಾಡುವವನು. ಮೊಬೈಲಿನಲ್ಲಿ ವೀಡಿಯೊ ನೋಡಿ ತಲೆ ಕೆಟ್ಟುಹೋಯಿತು. ಅಮೆರಿಕದವನೊಬ್ಬ ಕರಿ ವಾಯರು ಪ್ಲಸ್, ಬಿಳಿಯದು ಮೈನಸ್ ಎನ್ನುತ್ತಾನೆ. ಇನ್ನೊಬ್ಬನಿಗೆ ಕೆಂಪು ಪ್ಲಸ್, ಕರಿ ಮೈನಸ್. ದೋಣಿಗೆ ವಾಯರಿಂಗ್ ಮಾಡುವವನೊಬ್ಬ ಮೈನಸ್‌ಗೆ ಹಳದಿ ಹಾಕು ಎನ್ನುತ್ತಾನೆ. ನಮ್ಮ ಮನೆಯ ಗೋಡೆಯೊಳಗೆ ಕರಿ ಎಂದರೆ ನ್ಯೂಟ್ರಲ್. ಒಂದೇ ಬಣ್ಣಕ್ಕೆ ಒಬ್ಬೊಬ್ಬರು ಒಂದೊಂದು ಕೆಲಸ ಹಚ್ಚಿದರೆ ಜನ ಸಾಯದೆ ಇನ್ನೇನಾದಾರು?

ಗಾಡಿಯಲ್ಲಿ ಎರಡು ಬಗೆಯ ಕರೆಂಟು ಇರುತ್ತದೆ. ಒಂದು ಬ್ಯಾಟರಿಯದು, ಮುಟ್ಟಿದರೂ ಏನೂ ಆಗುವುದಿಲ್ಲ. ಇನ್ನೊಂದು, ತಂಗಿದ ಕಡೆ ಹೊರಗಿನ ಪ್ಲಗ್ಗಿನಿಂದ ಎಳೆದುಕೊಳ್ಳುವ ಮನೆ ಕರೆಂಟು. ಅದನ್ನು ಮುಟ್ಟಿದರೆ ಮುಗಿಯಿತು. ಎರಡಕ್ಕೂ ಒಂದೇ ಬಣ್ಣ ಹಾಕುವವನಿಗೆ ತಲೆಯಿಲ್ಲ. ಆದ್ದರಿಂದ ನನ್ನ ತೀರ್ಮಾನ ಹೀಗೆ: ಮನೆ ಕರೆಂಟಿಗೆ ಕೆಂಪು, ಕರಿ, ಹಸಿರು. ಬ್ಯಾಟರಿಯ ಪ್ಲಸ್‌ಗೆ ಹಳದಿ, ಮೈನಸ್‌ಗೆ ನೀಲಿ. ಕರಿಗೂ ನೀಲಿಗೂ ಎಲ್ಲಿಯೂ ಗಂಟು ಬೀಳಬಾರದು, ಅಷ್ಟೇ.

ಈ ಪೆನ್ನು ನಿನ್ನೆ ತಂದದ್ದು. ಈಗಿನವರು ಶಾಯಿಗೆ ನೀರು ಬೆರೆಸಿ ತುಂಬುತ್ತಾರೋ ಏನೋ, ಬರೆದದ್ದು ಸರಿಯಾಗಿ ಕಾಣುವುದೇ ಇಲ್ಲ.

ಜನವರಿ 9

ಬೈಲಹೊಂಗಲಕ್ಕೆ ಹೋಗಿ ವಾಯರು ತಂದೆ. ಹೊರಡುವಾಗಲೇ ಯಲ್ಲವ್ವನ ಜೊತೆ ತಕರಾರು. ಖಾಕಿ ಕಳಚಿದ ಮೇಲೆ ಬಿಳಿ ಬಟ್ಟೆ ಬಿಟ್ಟು ಬೇರೆ ಹಾಕುವುದಿಲ್ಲ ಎಂದು ನೇಮ ಮಾಡಿಕೊಂಡವನು ನಾನು. ಕೆಲವು ತಿಂಗಳಿಂದ ನನ್ನ ಅಂಗಿಗಳೆಲ್ಲ ಹಳದಿ ಹೊಡೆಯುತ್ತಿವೆ. ಒಗೆದ ಬಿಳಿ ಬಟ್ಟೆಗೆ ಹಾಕುವ ನೀಲಿಯಲ್ಲೂ ಇವಳು ಕೈ ಬಿಗಿ ಹಿಡಿಯುತ್ತಾಳೆ. ಇನ್ನಷ್ಟು ಹಾಕು ಎಂದು ಎಷ್ಟು ಸಲ ಹೇಳಿದ್ದೇನೆ! ಹಾಕಿದ್ದೇನೆ ಎನ್ನುತ್ತಾಳೆ. ಹಾಕಿದ್ದರೆ ಕಾಣಬೇಕಲ್ಲ.

ವಾಯರಿನ ಅಂಗಡಿಯ ವೀರಪ್ಪನಿಗೆ ಬಾಯಿ ಬಹಳ. ನನ್ನನ್ನು ನೋಡಿದ ಕೂಡಲೇ, ಏನು ಕಾಕಾ, ಇವತ್ತು ಆಕಾಶದ ಬಣ್ಣದ ಅಂಗಿ ಎಂದು ನಕ್ಕ. ಹಳದಿಯಾದ ಅಂಗಿಯನ್ನು ಹೀಗೆ ಸುತ್ತು ಬಳಸಿ ಆಡಿಕೊಳ್ಳುವ ಬುದ್ಧಿವಂತಿಕೆ ಅವನದು.  ಎಲ್ಲ ಬಣ್ಣದ ಬಂಡಲುಗಳನ್ನು ಕಟ್ಟಿಸಿಕೊಂಡು ಬಂದೆ.

ಮಗಳು ಶೀತಲ ಬೈಲಹೊಂಗಲದಲ್ಲೇ ಇರುತ್ತಾಳೆ. ಹೆಂಗಸರಿಂದ ಖಡಕ್ ರೊಟ್ಟಿ ಮಾಡಿಸಿ, ತಾನೇ ಪಿಕಪ್ ಓಡಿಸಿಕೊಂಡು ಹೋಗಿ ಬೆಳಗಾವಿಯ ಖಾನಾವಳಿಗಳಿಗೆ ಕೊಡುತ್ತಾಳೆ. ಅವಳೇ ನಮ್ಮೂರು ಕಿತ್ತೂರಿನವರೆಗೆ ತಂದು ಬಿಟ್ಟಳು. ದಾರಿಯುದ್ದಕ್ಕೂ ಕ್ಲಚ್ಚಿನ ಮೇಲಿನ ಕಾಲು ತೆಗೆಯಲಿಲ್ಲ. ನಾನು ಬಿಲ್ಲನ್ನು ಸ್ವಲ್ಪ ದೂರ ಹಿಡಿದು ಓದಿದ್ದಕ್ಕೆ, ಒಮ್ಮೆ ಕಣ್ಣು ತೋರಿಸಿಕೊಳ್ಳಿ ಎಂದು ಬೇರೆ ಹೇಳಿದಳು. ಮೊದಲು ನೀನು ಕಾಲು ತೋರಿಸಿಕೋ ಎಂದೆ.

ಮನೆಗೆ ಬಂದು ಕಟ್ಟು ಬಿಚ್ಚಿದರೆ ನೀಲಿಯೇ ಇಲ್ಲ! ಎರಡೂ ಕರಿ ಬಂಡಲು. ಸಿಟ್ಟಿಗೆ ಒಂದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿದೆ. ಆಕಾಶದ ಬಣ್ಣ ಅವನಿಗೆ ನನ್ನ ಅಂಗಿಯಲ್ಲಿ ಕಾಣುತ್ತದೆ, ವಾಯರಿನಲ್ಲಿ ಕಾಣುವುದಿಲ್ಲ.

ಜನವರಿ 11

ಬಂಡಲು ಹಿಡಿದುಕೊಂಡು ಮತ್ತೆ ಬೈಲಹೊಂಗಲ. ಯಲ್ಲವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಗಂಡ ಯಾರ ಜೊತೆಗಾದರೂ ಜಗಳ ತೆಗೆದಾನು ಎಂಬ ಹೆದರಿಕೆ. ಜಗಳ ತೆಗೆಯಲಿಕ್ಕೇ ಹೋದದ್ದು.

ವೀರಪ್ಪ ಎರಡೂ ಬಂಡಲುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಇಟ್ಟ. "ಕಾಕಾ, ಇದು ನೀಲೀನ ಐತ್ರಿ. ಕರೀದು ಇದು, ಬ್ಯಾರೆ," ಎಂದ. ನಾಲ್ಕು ಜನ ಗಿರಾಕಿಗಳು ನೋಡುತ್ತಿರುವಾಗ, ಮೂವತ್ತು ವರ್ಷ ರಸ್ತೆ ನೋಡಿದ ಕಣ್ಣಿಗೆ ಕರಿ ಯಾವುದು ನೀಲಿ ಯಾವುದು ಎಂದು ಪಾಠ ಹೇಳುವುದೇ? ಸರಿಯಾಗಿ ಬಯ್ದೆ. ಅವನು ಯಲ್ಲವ್ವನ ಮುಖ ನೋಡಿದ. ಯಲ್ಲವ್ವ ಸೆರಗು ಸರಿ ಮಾಡಿಕೊಂಡು, ಬೇರೆ ಇದ್ದರೆ ಕೊಡಿರಿ ಎಂದಳು. ಆಗ ಆ ಬಂಡಲು ಎತ್ತಿಕೊಂಡು ಒಳಗೆ ಹೋದವನು ಬಹಳ ಹೊತ್ತಿನ ಮೇಲೆ ಒಂದು ಬಂಡಲು ತಂದ. ಅದಕ್ಕೆ ಹೊಸ ಕಾಗದ ಸುತ್ತಿ 'ನೀಲಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನೋಡಿದೊಡನೆ ಗೊತ್ತಾಗುತ್ತದೆ, ಇದು ನೀಲಿ. ಇಂಥವರ ಹತ್ತಿರ ದನಿ ಏರಿಸಿದರೇನೇ ಸರಿಯಾದ ಮಾಲು ಹೊರಗೆ ಬರುವುದು.

ಬಸ್ಸಿನಲ್ಲಿ ಬರುವಾಗ ಯಲ್ಲವ್ವ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಡ್ರೈವರನ ಬೆನ್ನ ಹಿಂದೆ. ಮನೆಗೆ ಬಂದು ಹಳೆಯ ಕುಪ್ಪಸವೊಂದನ್ನು ಹರಿದು ಸಣ್ಣ ಚಿಂದಿ ಮಾಡಿಕೊಂಡು ಕೂತಿದ್ದಾಳೆ. ನೀಲಿ ವಾಯರಿನ ತುದಿಗೆಲ್ಲ ಚಿಂದಿ ಕಟ್ಟುತ್ತಾಳಂತೆ, ಕೈಗೆ ಗುರುತು ಸಿಗಲಿ ಎಂದು. ಕಣ್ಣಿಗೆ ಸಿಗುವ ಗುರುತು ಕೈಗೆ ಯಾಕೆ ಬೇಕು? ವಾಯರೋ ಜಡೆಯೋ ಎಂದು ಬಯ್ದೆ. ಕಟ್ಟುವುದನ್ನು ಅವಳು ನಿಲ್ಲಿಸಲಿಲ್ಲ.

ಜನವರಿ 17

ಅಂಗಳದ ಕಲ್ಲುಕಂಬ ಗಾಡಿಯ ಎಡಗಡೆಯ ಕನ್ನಡಿ ಒಡೆಯಿತು. ಈ ಕಂಬ ನಿಲ್ಲಿಸಿದ ಗೌಂಡಿಗೆ ಗಾಡಿ ಎಷ್ಟು ಅಗಲ ಇರುತ್ತದೆ ಎಂಬ ಅಂದಾಜೇ ಇರಲಿಲ್ಲ.

ಜನವರಿ 24

ಹೈವೇ ಪಕ್ಕದ ಗ್ಯಾರೇಜಿನ ಸಿದ್ದರಾಮ ತಾನಾಗಿ ನೋಡಲು ಬಂದಿದ್ದ. ಗಾಡಿಗಳ ವಾಯರಿಂಗ್ ಮಾಡಿಯೇ ತಲೆ ಹಣ್ಣಾದ ಮನುಷ್ಯ. ಪ್ಲಸ್ ಅಂದರೆ ಕೆಂಪು, ಲೋಕವೆಲ್ಲ ಹಾಗೆಯೇ ಹಾಕುತ್ತದೆ ಎಂದ. ಲೋಕವೆಲ್ಲ ಮನೆ ಕರೆಂಟನ್ನೂ ಬ್ಯಾಟರಿಯನ್ನೂ ಒಂದೇ ಗಾಡಿಯಲ್ಲಿ ಇಟ್ಟುಕೊಂಡು ಮಲಗುತ್ತದೆಯೇ ಎಂದು ಕೇಳಿದೆ.  ಬಣ್ಣದ ವಿಚಾರ ಸರಿ ಅದರಿ ಎಂದು ಒಪ್ಪಿಕೊಂಡು ಚಹಾ ಕುಡಿದು ಹೋದ. ಒಪ್ಪಲೇಬೇಕು.

ಕೆಲಸ ಚೆನ್ನಾಗಿ ಸಾಗಿದೆ. ಲೈಟು, ಸಣ್ಣ ಫ್ರಿಜ್ಜು, ನೀರಿನ ಪಂಪು ಎಲ್ಲಕ್ಕೂ ಬ್ಯಾಟರಿ ಲೈನು ಎಳೆದೆ. ಯಲ್ಲವ್ವ ಪಕ್ಕದಲ್ಲಿ ಕೂತು ವಾಯರು ಕೊಡುತ್ತಾಳೆ. ಮೊದಮೊದಲು ನಾನು ಕೇಳಿದ ಮೇಲೆ ಕೊಡುತ್ತಿದ್ದಳು. ಈಗ ಕೇಳುವ ಮೊದಲೇ ಕೈಗಿಡುತ್ತಾಳೆ. ನಾನು ತಪ್ಪಿ ಬೇರೆಯದಕ್ಕೆ ಕೈ ಹಾಕಿದರೆ ಅದನ್ನು ಮೆಲ್ಲಗೆ ದೂರ ಸರಿಸುತ್ತಾಳೆ. ನಾನು ಎದ್ದ ಮೇಲೆ ಟಾರ್ಚ್ ಹಿಡಿದು ಒಂದೊಂದೇ ಗಂಟನ್ನು ನೋಡುತ್ತ ಕೂರುತ್ತಾಳೆ. ನನಗೇ ತಿಳಿಯದ ಏನು ನೋಡುತ್ತಾಳೋ! ಹೆಂಗಸರಿಗೆ ಒಂದು ಕೆಲಸ ತೋರಿಸಿದರೆ ಮರುದಿನ ಅವರೇ ಮೇಸ್ತ್ರಿ.

ಫೆಬ್ರವರಿ 2

ಯಲ್ಲವ್ವ ಕಟಕೋಳಕ್ಕೆ ಹೋಗಿದ್ದಾಳೆ. ಅವಳ ತಂಗಿಯ ಮಗಳು ಬಸುರಿ, ಅಲ್ಲಿ ಕುಬಸದ ಕಾರ್ಯ. ನಾನು ಬರುವತನಕ ಪ್ಲಗ್ಗಿನ ಕೆಲಸಕ್ಕೆ ಕೈ ಹಚ್ಚಬೇಡಿರಿ ಎಂದು ಬಸ್ಸು ಹತ್ತುವಾಗಲೂ ಹೇಳಿದಳು. ಅವಳಿಲ್ಲದೆ ನನಗೆ ನಡೆಯುವುದಿಲ್ಲ ಎಂದು ತಿಳಿದಂತಿದೆ.

ಇವತ್ತು ಮೊದಲು ಆ ಚಿಂದಿಗಳನ್ನೆಲ್ಲ ಕಿತ್ತು ಎಸೆದೆ. ಯಾರಾದರೂ ನೋಡಿದರೆ ದೇವರ ಗಿಡಕ್ಕೆ ಹರಕೆ ಕಟ್ಟಿದ್ದಾರೆ ಎಂದಾರು. ಈಗ ನೋಡಲು ಅಚ್ಚುಕಟ್ಟಾಗಿದೆ. ಆಮೇಲೆ ಮನೆ ಕರೆಂಟಿನ ಪ್ಲಗ್ಗು ಜೋಡಿಸಲು ಕೂತೆ. ಕೆಂಪಿಗೆ ಕೆಂಪು, ಕರಿಗೆ ಕರಿ. ಕೂತಲ್ಲೇ ಮುಗಿಸಿ ಎದ್ದೆ.

ಫೆಬ್ರವರಿ 4



ಮನೆಯಿಂದ ಗಾಡಿಗೆ ಕರೆಂಟು ಎಳೆದು ಟೇಬಲ್ ಫ್ಯಾನು ಹಚ್ಚಿದ್ದೆ. ತಿರುಗಲಿಲ್ಲ. ಈಗಿನ ಫ್ಯಾನುಗಳ ಹಣೆಬರಹ ಎಂದುಕೊಂಡು ಗಾಡಿಯೊಳಗೆ ಅದನ್ನೇ ತಟ್ಟುತ್ತ ಕೂತಿದ್ದೆ. ಯಲ್ಲವ್ವ ಊರಿಂದ ಬಂದವಳು ಅಂಗಳದಲ್ಲಿ ಕಾಲು ತೊಳೆದುಕೊಂಡು, ಒದ್ದೆ ಕಾಲಲ್ಲೇ ಬಂದು ಗಾಡಿಯ ಬಾಗಿಲಿನ ಹಿಡಿಕೆ ಹಿಡಿದಳು. ಒಂದು ಸದ್ದು ಬಂತು. ತಲೆ ಎತ್ತಿದರೆ ಅವಳು ಬಾಗಿಲಲ್ಲಿ ಇಲ್ಲ, ಅಂಗಳದಲ್ಲಿ ಬಿದ್ದಿದ್ದಾಳೆ.

ಗಾಡಿಯಿಂದ ನೆಲಕ್ಕೆ ಹಾರಿದವನೇ ಓಡಿ ಮನೆಯ ಪ್ಲಗ್ಗು ಕಿತ್ತೆ. ಅವಳನ್ನು ಎತ್ತಿ ಕೂರಿಸಿದೆ. ಮೊಣಕೈ ಹತ್ತಿರ ತರಚಿ ಗಾಯವಾಗಿದೆ, ಅಂಗೈಯಲ್ಲಿ ಸುಟ್ಟ ಗುರುತು. ಕುಬಸದಲ್ಲಿ ಇಡಿಸಿಕೊಂಡ ಹೊಸ ಹಸಿರು ಬಳೆಗಳೆಲ್ಲ ಚೂರಾಗಿ ಬಿದ್ದಿದ್ದವು. ಅದರ ಮೇಲೆ ಕಾಲಿಡಬೇಡಿರಿ, ಬಳೆ ಹೆಚ್ಚಾಗ್ಯಾವು ಎಂದಳು. ಬಳೆ ಒಡೆದವು ಎಂದು ಅವಳು ಎಂದೂ ಅನ್ನುವವಳಲ್ಲ. ಕುಂಕುಮ ಚೆಲ್ಲಿದರೂ ಹೆಚ್ಚಾಯಿತು, ಮನೆಯಲ್ಲಿ ಅಕ್ಕಿ ಮುಗಿದರೂ ಹೆಚ್ಚಾಯಿತು. ಜೀವ ಹೋಗುವುದರಲ್ಲಿತ್ತು, ಆಗಲೂ ಅದೇ ಮಾತು.

ಡಾಕ್ಟರು ನೋಡಿ, ಏನೂ ಭಯವಿಲ್ಲ ಎಂದರು. ಯಾರೋ ನನ್ನ ವಾಯರಿಂಗಿಗೆ ಕೈ ಹಾಕಿದ್ದಾರೆ. ಯಾರೆಂದು ಗೊತ್ತಾಗಲಿ, ಬಿಡುವವನಲ್ಲ ನಾನು.

ಫೆಬ್ರವರಿ 5

ಸಿದ್ದರಾಮನನ್ನು ಕರೆದು ಪ್ಲಗ್ಗು ಬಿಚ್ಚಿಸಿದೆ. ಕರಿ ಸೇರಬೇಕಾದ ಕಡೆ ನೀಲಿ ಸೇರಿದೆಯಂತೆ. ನೀಲಿ ಎಂದರೆ ಬ್ಯಾಟರಿಯ ಮೈನಸ್, ಅದು ಗಾಡಿಯ ಬಾಡಿಗೆ ಕೂಡಿರುತ್ತದೆ. ಫ್ಯಾನಿಗೆ ಹೋದ ಕರೆಂಟು ವಾಪಸು ಹೋಗುವ ದಾರಿ ಸಿಗದೆ ನೀಲಿ ಹಿಡಿದು ಇಡೀ ಬಾಡಿಗೆ ಹರಿದಿದೆ. ನಮ್ಮ ಮನೆಯ ಅರ್ಥಿಂಗ್ ಗುಂಡಿಯೂ ಒಣಗಿ ಹೋಗಿದೆ. ನಾನು ಒಳಗೆ ಹಲಗೆಯ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿದ್ದೆ, ಅದಕ್ಕೇ ನನಗೆ ಏನೂ ಆಗಲಿಲ್ಲ.

ಇದನ್ನು ಯಾರು ಕೂಡಿಸಿದರು ಎಂದು ಕೇಳಿದ. ನಾನೇ, ಕರಿಗೆ ಕರಿಯನ್ನೇ ಕೂಡಿಸಿದ್ದೇನೆ ಎಂದೆ. ಅವನು ಆ ಗಂಟನ್ನು ನನ್ನ ಮುಖದ ಹತ್ತಿರ ತಂದು ಹಿಡಿದ. ಕರಿಯೇ ಇತ್ತು. ಎರಡೂ ಕರಿ. ಹಾಗೆಯೇ ಹೇಳಿದೆ. ಅವನು ಯಲ್ಲವ್ವನ ಕಡೆ ನೋಡಿದ, ಅವಳು ನೆಲ ನೋಡಿದಳು. ಬೈಲಹೊಂಗಲದಲ್ಲಿ ವೀರಪ್ಪನೂ ಹೀಗೆಯೇ ನೋಡಿದ್ದ. ಇವರೆಲ್ಲ ಸೇರಿ ಏನು ಮಸಲತ್ತು ನಡೆಸಿದ್ದಾರೋ! ಇವರ ಲೆಕ್ಕಕ್ಕೆ ಕಳ್ಳ ಮಾಲು ಕೊಟ್ಟವನ ತಪ್ಪಿಲ್ಲ, ಕೂಡಿಸಿದವನ ತಪ್ಪು.

ಸಿದ್ದರಾಮನೇ ಪ್ಲಗ್ಗು ಸರಿ ಮಾಡಿ, ಅರ್ಥಿಂಗ್ ಗುಂಡಿಗೂ ನೀರು ಹಾಕಿಸಿ ಹೋದ. ನಾನು ಅಡ್ಡಿ ಮಾಡಲಿಲ್ಲ. ಯಲ್ಲವ್ವನ ಅಂಗೈ ನೋಡಿದರೆ ಅನ್ನ ಇಳಿಯುತ್ತಿಲ್ಲ.

ಫೆಬ್ರವರಿ 11

ಗಾಡಿಯನ್ನು ಧಾರವಾಡದ ಕಡೆ ಓಡಿಸಿ ನೋಡಿ ಬಂದೆ. ಇಂಜಿನ್ ಚೆನ್ನಾಗಿದೆ. ಉಳಿದದ್ದೆಲ್ಲ ಕೆಟ್ಟಿದೆ. ರಸ್ತೆಯ ಮೇಲಿನ ಬಿಳಿ ಪಟ್ಟೆ ಅಳಿಸಿ ಹೋಗಿ ಎಷ್ಟು ದಿನವಾಯಿತೋ, ಮತ್ತೆ ಬಳಿಯುವವರಿಲ್ಲ. ಎದುರಿನಿಂದ ಬರುವ ಗಾಡಿಗಳಿಗೆ ಸಂಜೆ ಆಗುವ ಮೊದಲೇ ಕಣ್ಣು ಕುಕ್ಕುವ ಲೈಟು. ಇಂಥ ಲೈಟಿಗೆ ಪರವಾನಗಿ ಕೊಟ್ಟವರನ್ನು ಮೊದಲು ಒಳಗೆ ಹಾಕಬೇಕು. ಎಡಗಡೆಯಿಂದ ಮೋಟರ್ ಸೈಕಲ್ಲಿನವನೊಬ್ಬ ಗಾಳಿಯಲ್ಲಿ ಹುಟ್ಟಿದವನಂತೆ ಬಂದ. ಹೆಂಡತಿ ಮಗುವನ್ನು ಕೂರಿಸಿಕೊಂಡಿದ್ದ. ಬ್ರೇಕ್ ಹೊಡೆದೆ. ಮಗು ನನ್ನ ಕಡೆ ನೋಡಿತು. ಅವರಪ್ಪನಿಗೆ ಅಲ್ಲಿಯೇ ನಾಲ್ಕು ಮಾತು ಅನ್ನಬೇಕೆಂದಿದ್ದೆ, ಗಾಡಿ ತಿರುಗಿಸಿಕೊಂಡು ಮನೆಯ ದಾರಿ ಹಿಡಿದೆ.

ಯಲ್ಲವ್ವ ಪಕ್ಕದಲ್ಲಿದ್ದಳು. ಮನೆ ಬರುವವರೆಗೂ ಸುಟ್ಟ ಕೈಯಲ್ಲೇ ಮುಂದಿನ ಸರಳನ್ನು ಹಿಡಿದುಕೊಂಡಿದ್ದಳು.

ಫೆಬ್ರವರಿ 13

ಹದಿನಾರಕ್ಕೆ ಹೊರಡೋಣ, ನೇರ ಗೋಕರ್ಣ ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ನೀವು ಹೊಡಿಯೂದಾದ್ರ ನಾ ಗಾಡಿ ಹತ್ತೂದಿಲ್ರಿ."

ಸಿಟ್ಟು ನೆತ್ತಿಗೇರಿತು. ಏನೇನಂದೆನೋ ಈಗ ನೆನಪಿಲ್ಲ. ಎಷ್ಟು ಸಾವಿರ ಜನ ನನ್ನ ಬೆನ್ನ ಹಿಂದೆ ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದಾರೆ! ಎಳೆ ಕೂಸುಗಳ ತಾಯಂದಿರು, ಹೆರಿಗೆಗೆ ಹೊರಟವರು, ಮದುವೆಯ ದಿಬ್ಬಣದವರು. ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ. ಅವರಿಗೆಲ್ಲ ಇದ್ದ ನಂಬಿಕೆ ನನ್ನ ಹೆಂಡತಿಗೆ ಇಲ್ಲ ಎಂದು ಕೂಗಿದೆ.

ಅವಳು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, ನೀರು ಸವರಿ, ನನ್ನ ಕಡೆ ತಿರುಗಿದಳು. "ಅವರಿಗೆಲ್ಲಾ ನಿಮ್ಮ ಕಣ್ಣ ಇದ್ದೂರಿ," ಎಂದಳು. "ನನ್ನ ಪಾಳಿ ಬರೂದ್ರಾಗ ಮುಗದಾವು."

ಹೆಚ್ಚಾಗ್ಯಾವು ಎನ್ನಲಿಲ್ಲ. ಬಳೆ ಒಡೆದವು ಎನ್ನಲು ನಾಲಿಗೆ ಬಾರದವಳು ನನ್ನ ಕಣ್ಣಿಗೆ ಮುಗಿದವು ಎಂದಳು.

ಫೆಬ್ರವರಿ 14

ಬರೆಯುವಂಥದ್ದು ಏನಿಲ್ಲ. ಮಾತು ಬಿಟ್ಟಿದ್ದೇನೆ.

ಫೆಬ್ರವರಿ 18

ಇವರ ಬಾಯಿ ಮುಚ್ಚಿಸಬೇಕೆಂದೇ ಬೆಳಗಾವಿಯ ಕಣ್ಣಿನ ಆಸ್ಪತ್ರೆಗೆ ಹೋದೆ. ಶೀತಲ ಪಿಕಪ್ಪಿನಲ್ಲಿ ಕರೆದುಕೊಂಡು ಹೋದಳು. ರೊಟ್ಟಿಯ ಡಬ್ಬಿಗಳ ಜೊತೆ ನಾನೂ ಒಂದು ಡಬ್ಬಿ.

ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಸಾಲಾಗಿ ಅಕ್ಷರ ಓದಿಸಿದಳು. ಯಂತ್ರದಿಂದ ಕಣ್ಣಿಗೆ ಗಾಳಿ ಊದಿದಳು. ಆಮೇಲೆ ನನ್ನ ಬಲಗಣ್ಣು ಮುಚ್ಚಿ, ಎಡಗಡೆ ಎಷ್ಟು ಬೆರಳು ಹೇಳಿ ಎಂದಳು. ಮೊದಲು ಬೆರಳು ತೋರಿಸಿ ಎಂದೆ. "ತೋರಿಸ್ತಾ ಇದ್ದೀನಿ," ಎಂದಳು.

ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣು ಆಪರೇಷನ್ ಮಾಡಿದರೆ ಸರಿಹೋಗುತ್ತದಂತೆ. ಪೊರೆ ಬಂದರೆ ಬಿಳಿ ಹಳದಿಯಾಗಿ ಕಾಣುತ್ತದೆ, ನೀಲಿ ಕರಿಯಾಗಿ ಕಾಣುತ್ತದೆ ಎಂದು ನಾನು ಕೇಳದಿದ್ದರೂ ಹೇಳಿದಳು. ಎಡಗಣ್ಣಿನ ನರ ಒಣಗಿದೆ. ಅದು ಒಳಗೊಳಗೇ ಒತ್ತಡ ಏರಿ ಆಗುವ ರೋಗ, ನೋವಿಲ್ಲ, ಮುನ್ಸೂಚನೆಯಿಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಕೊನೆಯವರೆಗೂ ಔಷಧಿಯ ಹನಿ ಹಾಕಿಕೊಳ್ಳಬೇಕು. ಗಾಡಿ ಎಂದೆ. ಬೇಡ ಎಂದಳು. ಎಷ್ಟು ದಿನ ಎಂದೆ. ಅವಳು ಕಾಗದದ ಮೇಲೆ ಬರೆಯುತ್ತ ಹೋದಳು.

ನೋವಾದರೆ ಮನುಷ್ಯನಿಗೆ ತಿಳಿಯುತ್ತದೆ. ನೋಯದೆ ಹೋಗುವುದು ಯಾವ ನ್ಯಾಯ? ಇಂಜಿನ್ ಕೆಡುವ ಮೊದಲು ಸದ್ದು ಮಾಡುತ್ತದೆ, ಬ್ರೇಕ್ ಹೋಗುವ ಮೊದಲು ಕಾಲಿಗೆ ಗೊತ್ತಾಗುತ್ತದೆ. ಈ ದೇಹ ಕಟ್ಟಿದವನು ನಮ್ಮ ಬಾಡಿ ಕಟ್ಟುವವರಿಗಿಂತ ಬೇಜವಾಬ್ದಾರಿ ಮನುಷ್ಯ.

 ಬರುವಾಗ ಶೀತಲನ ಕ್ಲಚ್ಚಿನ ಬಗ್ಗೆ ನಾನು ಮಾತಾಡಲಿಲ್ಲ.

ಮಾರ್ಚ್ 2

ಬಲಗಣ್ಣಿನ ಆಪರೇಷನ್ ಆಯಿತು, ಇವತ್ತು ಪಟ್ಟಿ ಬಿಚ್ಚಿದರು.

ಮನೆಗೆ ಬಂದು ಟ್ರಂಕು ತೆಗೆದೆ. ನನ್ನ ಅಂಗಿಗಳು, ಧೋತರಗಳು, ಟವೆಲು ಎಲ್ಲ ನೀಲಿ! ಒಂದೊಂದು ಅಂಗಿಯ ಮೇಲೂ ಮೋಡ ಕವಿದ ಹಾಗೆ ನೀಲಿ ಕಲೆ. ಇವನ್ನು ಹಾಕಿಕೊಂಡು ನಾನು ಬೈಲಹೊಂಗಲದ ಬಜಾರಿನಲ್ಲಿ, ಆಸ್ಪತ್ರೆಯಲ್ಲಿ, ಮಂದಿಯ ಮದುವೆಗಳಲ್ಲಿ ತಿರುಗಿದ್ದೇನೆ. ಯಲ್ಲವ್ವನನ್ನು ಕರೆದು ತೋರಿಸಿದೆ. ನೀವೇ ಹಾಕು ಹಾಕು ಎಂದಿರಿ ಎಂದಳು. ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರ ಕೇಳತಿದ್ರೇನ್ರಿ?" ಎಂದಳು.



ಆಮೇಲೆ ಗಾಡಿಯೊಳಗೆ ಹೋದೆ. ಬಲಗಣ್ಣಿಗೆ ನೀಲಿ ಎಷ್ಟು ನೀಲಿ! ಇಷ್ಟು ದಿನ ಎಲ್ಲಿತ್ತು ಈ ಬಣ್ಣ? ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ, ಕರಿ. ಮತ್ತೆ ಬಲ, ನೀಲಿ. ಮತ್ತೆ ಎಡ, ಕರಿ. ವೀರಪ್ಪನ ಬಂಡಲಿನ ಹೊಸ ಕಾಗದವನ್ನು ಪೂರಾ ಬಿಚ್ಚಿದರೆ ಒಳಗೆ ನಾನು ಮೊದಲ ದಿನ ಸಿಟ್ಟಿನಿಂದ ಹಲ್ಲಿನಲ್ಲಿ ಕಚ್ಚಿದ್ದ ಅದೇ ತುದಿ. ಅದೇ ಬಂಡಲನ್ನೇ ತಿರುಗಿಸಿ ಕೊಟ್ಟಿದ್ದಾನೆ, ಕಳ್ಳ. ನಾಲ್ಕು ಜನರ ಎದುರಿಗೆ ನನ್ನನ್ನು ಕುರುಡ ಎನ್ನುವ ಬದಲು ಕಾಗದ ಸುತ್ತಿ ಕೊಟ್ಟಿದ್ದಾನೆ. ಅವನಿಗೆ ಸಮಾ ಬಯ್ಯಬೇಕು. ಹೋದಾಗ ಕಟಕೋಳದ ಪೇರಲ ಹಣ್ಣನ್ನೂ ಒಂದಿಷ್ಟು ಒಯ್ಯಬೇಕು.

ಯಲ್ಲವ್ವನ ಅಂಗೈಯ ಗುರುತನ್ನೂ ಇವತ್ತು ಸರಿಯಾಗಿ ನೋಡಿದೆ. ನಾನು ತಿಳಿದದ್ದಕ್ಕಿಂತ ದೊಡ್ಡದಿದೆ.

ಮಾರ್ಚ್ 9

ಎಲ್ಲ ಗಂಟುಗಳನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದೇನೆ. ಯಲ್ಲವ್ವ ಇದ್ದಾಗ ಹಾಕಿದ ಗಂಟು ಒಂದೂ ತಪ್ಪಿಲ್ಲ. ಅವಳಿಲ್ಲದಾಗ ಹಾಕಿದ ಒಂದೇ ಒಂದು ತಪ್ಪಿತ್ತು.

ಮಾರ್ಚ್ 15

ನಾನು ಓಡಿಸದ ಗಾಡಿ ನನಗೇಕೆ? ಮಾರಿಬಿಡುವುದೇ ವಾಸಿ ಎಂದು ಸಿದ್ದರಾಮನಿಗೆ ಹೇಳಿದ್ದೆ. ಇವತ್ತು ಬೆಳಿಗ್ಗೆ ಸವದತ್ತಿಯ ಗಿರಾಕಿಯೊಬ್ಬನನ್ನು ಕರೆದುಕೊಂಡು ಬಂದ. ಅವರು ಅಂಗಳಕ್ಕೆ ಬರುತ್ತಲೇ ಯಲ್ಲವ್ವ ಮೊರದಲ್ಲಿ ಜೋಳ ಹಾಕಿಕೊಂಡು ಗಾಡಿ ಹತ್ತಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಗಿರಾಕಿ ಸುತ್ತ ಒಂದು ಸುತ್ತು ಹಾಕಿದ. ಒಳಗೆ ಮೊರ ಆಡುವ ಸದ್ದು. ಬಾಗಿಲು ತೆಗಿ ಎಂದು ನಾನು ಎಷ್ಟು ಕೂಗಿದರೂ ತೆಗೆಯಲಿಲ್ಲ. ಪರಸ್ಥಳದವರ ಎದುರಿಗೆ ಮಾನ ಹೋಯಿತು. ಅವನು ಕಾದು ಕಾದು ಬೇಸತ್ತು ಹೋದ. ಸಿದ್ದರಾಮ ಮಾತ್ರ ನಗು ತಡೆದುಕೊಂಡು ನಿಂತಿದ್ದ, ಅದೂ ಕಂಡಿತು ನನಗೆ. ಈಗ ಎಲ್ಲ ಕಾಣುತ್ತದಲ್ಲ.

ಅವರು ಹೋದ ಮೇಲೆ ಕಿಟಕಿಯ ಗಾಜು ಸರಿಸಿ ಹೇಳಿದಳು: "ಸಮುದ್ರಾ ನೋಡಿ ಬಂದ ಮ್ಯಾಲೆ ಮಾರ್ರಿ. ಶೀತಲಗ ಫೋನ್ ಮಾಡೇನಿ."

ಇವಳಿಗೆ ಫೋನ್ ಮಾಡಲು ಕಲಿಸಿದವನು ನಾನೇ.

ಏಪ್ರಿಲ್ 3

ಓಡುವ ಗಾಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ. ತಪ್ಪು ನನ್ನ ಕಣ್ಣಿನದಲ್ಲ, ಶೀತಲನ ಕ್ಲಚ್ಚಿನದು.

ಬೆಳಿಗ್ಗೆ ಅವಳು ಬಂದವಳೇ ನನ್ನ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಕನ್ನಡಿಗಳನ್ನೆಲ್ಲ ತನಗೆ ಬೇಕಾದಂತೆ ತಿರುಗಿಸಿಕೊಂಡಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಡ್ರೈವರ್ ಸೀಟು ಬಿಟ್ಟರೆ ಗಾಡಿಯಲ್ಲಿ ಎಲ್ಲಿ ಕೂರಬೇಕೆಂದು ನನಗೆ ನಿಜವಾಗಿಯೂ ತಿಳಿಯಲಿಲ್ಲ. ಯಲ್ಲವ್ವ ಉದ್ದ ಸೀಟಿನ ಕಿಟಕಿಯ ಕಡೆ ಸರಿದು ಜಾಗ ಮಾಡಿದಳು. ಹತ್ತಿ ಕೂತೆ. ಇಷ್ಟು ವರ್ಷ ಸಂಸಾರ ಮಾಡಿದ್ದೇವೆ, ಗಾಡಿಯಲ್ಲಿ ಒಂದೇ ಸೀಟಿನ ಮೇಲೆ ಇಬ್ಬರೂ ಕೂತದ್ದು ಇದೇ ಮೊದಲು. ಅವಳು ಕೈಗೆ ಬೇರೆ ಬಳೆ ಇಡಿಸಿಕೊಂಡು ಬಂದಿದ್ದಾಳೆ. ಹಸಿರೇ, ಆದರೆ ಮೊದಲಿನದಕ್ಕಿಂತ ಎಳೆಯದು. ಅದನ್ನೂ ಯಾರೂ ಹೇಳಿಕೊಡದೆ ನಾನೇ ಕಂಡೆ.

ಶೀತಲ ಇಂಜಿನ್ ಶುರು ಮಾಡಿದಳು, ಗಾಡಿ ಬಿಡಲಿಲ್ಲ. ನಾನು ಕಾದೆ. ಅವಳೂ ಕಾದಳು. ಯಾಕೆ ಹೊರಡುವುದಿಲ್ಲ, ಡೀಸೆಲ್ ಪುಕ್ಕಟೆ ಬರುತ್ತದೆಯೇ ಎಂದು ಗದರಿದೆ.

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಅಪ್ಪಾ, ಹಿಂದಿನವರು ರೈಟ್ ಅನ್ನೂತನಕ ಗಾಡಿ ಬಿಡಬಾರದಂತ ನೀವ ಕಲಿಸೀರಿ," ಎಂದಳು.

ನಿಜ. ಡ್ರೈವರ್ ಮುಂದೆ ನೋಡುತ್ತಾನೆ, ಬಾಗಿಲು ಹಾಕಿದೆಯೋ, ಮುದುಕಿ ಹತ್ತಿದಳೋ, ಯಾರ ಸೆರಗು ಸಿಕ್ಕಿಕೊಂಡಿದೆಯೋ, ಅದೆಲ್ಲ ಹಿಂದೆ ನಿಂತ ಕಂಡಕ್ಟರನಿಗೆ ಮಾತ್ರ ಗೊತ್ತು. ಅವನು ರೈಟ್ ಅನ್ನಬೇಕು, ಆಮೇಲೆಯೇ ಗೇರು. ಆ ಮಾತನ್ನು ನಾನು ನೌಕರಿಯುದ್ದಕ್ಕೂ ಬೆನ್ನಿನಿಂದ ಕೇಳಿದವನು, ಒಮ್ಮೆಯೂ ಆಡಿದವನಲ್ಲ.

ಬಾಗಿಲು ನೋಡಿದೆ. ಯಲ್ಲವ್ವನ ಸೆರಗು ನೋಡಿದೆ. ಎಡಗಡೆ ಕಾಣದ್ದಕ್ಕೆ ಪೂರಾ ಕತ್ತು ತಿರುಗಿಸಿ ಅಂಗಳದ ಕಂಬವನ್ನೂ ನೋಡಿದೆ.  ಯಲ್ಲವ್ವ ತನ್ನ ಸುಟ್ಟ ಅಂಗೈಯನ್ನು ನನ್ನ ಕೈ ಮೇಲಿಟ್ಟಳು.

"ರೈಟ್," ಎಂದೆ.

ಗಾಡಿ ಹೊರಟಿತು. ಸೆಕೆಂಡ್ ಗೇರು ಮಾತ್ರ ಬಹಳ ಬೇಗ ಹಾಕಿದಳು.